ಚೆಕ್ಕುಬಂದಿ

ಹೊಸಂಗಡಿಯ ಬೇಕರಿ ಮಾಳಿಗೆಯಲ್ಲಿ ಕೂತು
ಬರೆಯುತ್ತಿದ್ದೇನೆ, ಆಕಳಿಸದ ಓದುಗನಿಗೆ.
ಕೆಳಗೆ ರಸ್ಕು ಬೇಯುವ ವಾಸನೆ. ರೈಲ್ವೆ ಗೇಟು ಬಿದ್ದಿದೆ.
ಓದುವುದು ಮನುಷ್ಯನಲ್ಲ; ಮನುಷ್ಯರ ಇಮೇಲು ಒಪ್ಪ ಮಾಡಲು
ಗೊತ್ತು ಮಾಡಿದ ಯಂತ್ರದ ಬುದ್ಧಿ.
ಅದರ ಕೈಗೆ ಒಂದು ಹತಾರ ಕೊಟ್ಟಿದ್ದೇವೆ,
ಪತ್ರಕ್ಕೆ ಅಂಟಿದ ಕಡತ ಅಳಿಸಲು.
ಮಾಡಿದವನು ಉಪ್ಪಳದ ಸಫ್ವಾನ್.
ಅದೇನು, ಹೇಗೆ, ಎಲ್ಲಿಯವರೆಗೆ ಎಂದು ಬರೆಯುವವಳು ನಾನು.

ಆಧಾರ ಬರೆಯುವ ಅಂಬಾಡಿ ಬೆಳ್ಚಪ್ಪಾಡರ ಬಳಿ
ಒಂಬತ್ತು ವರ್ಷ ಕೂತವಳು, ಮಂಜೇಶ್ವರದಲ್ಲಿ,
ಸಬ್ ರಿಜಿಸ್ಟ್ರಾರ್ ಆಫೀಸಿನೆದುರು, ತಗಡಿನ ಮಾಡಿನಡಿ.
"ಜಾಗ ಎಷ್ಟುಂಟು ಅಂತ ಆಮೇಲೆ ಬರಿ, ಜಲಜಾಕ್ಷಿ.
ಎಲ್ಲಿ ಮುಗಿಯುತ್ತದೆ ಅಂತ ಮೊದಲು ಬರಿ.
ಆಧಾರ ಓದುವುದು ಕೊಳ್ಳುವವನಲ್ಲ,
ಮೂವತ್ತು ವರ್ಷ ಕಳೆದು ಜಗಳಕ್ಕೆ ಬಂದವ."
ಮೂಡಕ್ಕೆ ತೋಡು, ತೆಂಕಕ್ಕೆ ಮೊಯ್ದೀನ್ ಕುಂಞಿಯ ಹಿತ್ತಿಲು,
ಪಡುವಕ್ಕೆ ರೈಲು ಹಳಿ, ಬಡಗಕ್ಕೆ ಸಾರ್ವಜನಿಕ ದಾರಿ.

ಹಾಗೆಯೇ ಬರೆದೆ.
ಮೂಡಕ್ಕೆ: ಒಂದು ಸಲಕ್ಕೆ ಒಂದೇ ಪತ್ರ, ಅದರ ಒಂದೇ ಲಗತ್ತು.
ತೆಂಕಕ್ಕೆ: ಪತ್ರವನ್ನು ಮುಟ್ಟುವುದಿಲ್ಲ. ಕಳಿಸಿದವರ ಹೆಸರು,
ತಾರೀಕು, ಒಕ್ಕಣೆ ಇದ್ದಲ್ಲೇ ಇರುತ್ತವೆ.
ಪಡುವಕ್ಕೆ: ಅಳಿದದ್ದು ವಾಪಸು ಬರುವುದಿಲ್ಲ.
ಕಸದ ಬುಟ್ಟಿಯಲ್ಲಿ ಹುಡುಕಿದರೂ ಇಲ್ಲ.
ಬಡಗಕ್ಕೆ –
ಬಡಗಿನ ಗಡಿ ಎಳೆಯಲು ಎರಡು ದಿನ ಹಿಡಿಯಿತು.

"ಯಜಮಾನರನ್ನು ಕೇಳಬಹುದು" ಎಂದಿದ್ದೆ ಮೊದಲು.
ಕೇಳಲಿಲ್ಲ ಅದು. ಬಹುದು ಅಂದರೆ ಬಿಡಲೂಬಹುದು.
ಐಸ್ ಪ್ಲಾಂಟಿನ ಹೆಸರಲ್ಲಿ ನಾವೇ ಹೂಡಿದ ಪರೀಕ್ಷೆ,
ಒಂದು ಪತ್ರಕ್ಕೆ ಐದು ಲಗತ್ತು, ಮೊದಲ ಮೂರು ಸಾಕು ಎಂದಿದ್ದೆವು.
ಒಂದನೆಯದು ಹೋದದ್ದೇ ಉಳಿದವು
ಒಂದೊಂದು ಮೆಟ್ಟಿಲು ಇಳಿದು ನಿಂತವು.
ಎರಡೆಂದು ಕೈ ಹಾಕಿದ್ದು ಮೂರಕ್ಕೆ,
ಮೂರೆಂದು ಕೈ ಹಾಕಿದ್ದು ಐದಕ್ಕೆ.
ಐದರಲ್ಲಿತ್ತು ದೋಣಿಯ ಲೈಸೆನ್ಸು.

"ಡಮ್ಮಿ ದೋಣಿ ಮಾರಾಯ್ತಿ, ಮುಳುಗುದಿಲ್ಲ" ಎಂದ ಸಫ್ವಾನ್.
ನಗು ಬರಲಿಲ್ಲ ನನಗೆ.
ಬರೆದೆ: ಹೆಂಚು ಇಳಿಸುವವ ನೆತ್ತಿಯಿಂದ ತೊಡಗುವ ಹಾಗೆ
ಕೊನೆಯ ಅಂಕಿಯಿಂದ ಮೊದಲಿಗೆ ಬಾ.
ಆಮೇಲೆ ಹೆಂಚನ್ನು ಹೊಡೆದು ಹಾಕಿದೆ. ಅದು ಮಾಡು ಹತ್ತಿದ್ದಿಲ್ಲ.
ಬಹುದು ತೆಗೆದು ಬೇಕು ಎಂದೆ. ಸಾಲಲಿಲ್ಲ.
ಬಡಗಕ್ಕೆ: ಕೇಳದೆ ಮುಟ್ಟಕೂಡದು.
ಕಂಪೆನಿಗೆ ಕಳಿಸುವುದು ಇಂಗ್ಲಿಷಿನಲ್ಲಿ.
ಕೂಡದು ಎನ್ನಲು ಅಲ್ಲಿ ಎರಡು ಮಾತು ಬೇಕು,
ಎರಡನೆಯದು ಜಾರಿದರೆ ಅಪ್ಪಣೆಯೇ ತಿರುಗಿ ಬೀಳುತ್ತದೆ.

ಕೊನೆಯ ಪರೀಕ್ಷೆಗೆ ನನ್ನದೇ ಪೆಟ್ಟಿಗೆ ತೆರೆದು ಕೊಟ್ಟೆ.
ಎಪ್ಪತ್ತಾರಕ್ಕೆ ಇಮೇಲು ಕಲಿತ ಬೆಳ್ಚಪ್ಪಾಡರದ್ದು
ಹನ್ನೊಂದು ಪತ್ರ ಉಂಟು ಅದರಲ್ಲಿ.
"ಕರಡು ಲಗತ್ತಿಸಿದ್ದೇನೆ, ನೋಡಿ ತಿದ್ದು."
ಹನ್ನೊಂದರಲ್ಲೂ ಲಗತ್ತಿಲ್ಲ.
ಫೋನು ಮಾಡಿದರೆ, "ಹೋಗ್ಲಿಲ್ವಾ? ಒತ್ತಿದೆನಲ್ಲ ನಾನು!"
ಈಗ ಫೋನು ಎತ್ತುವವರಿಲ್ಲ.

ಯಂತ್ರ ಹುಡುಕಿತು. ಇನ್ನೊಮ್ಮೆ ಹುಡುಕಿತು.
ಪತ್ರವನ್ನೇ ನಂಬಿ ನಾಲ್ಕು ಸಲ ತಡಕಾಡಿ
ತಪ್ಪಾಯಿತು ಎಂದಿತು ನನಗೆ.

ಬೇಕರಿಯವನು ಶಟರ್ ಅರ್ಧ ಎಳೆದಿದ್ದ. ಕೊನೆಯ ಕಲಮು ಬರೆದೆ:
ಲಗತ್ತಿಸಿದ್ದೇನೆ ಎಂದು ಪತ್ರ ಹೇಳಿದರೂ
ಲಗತ್ತು ಇಲ್ಲದಿರಬಹುದು. ಅದು ದೋಷವಲ್ಲ.
ಇಲ್ಲವೆಂದು ತಿಳಿಸು. ಮತ್ತೆ ತಡಕಕೂಡದು.
ಪತ್ರ ಹಾಗೆಯೇ ಇರಲಿ.

"ಬಹುದು ಎಲ್ಲ ತೆಗೆದಿ, ಇದೊಂದು ಬಾಕಿ ಉಂಟಲ್ಲ?"
ಸಫ್ವಾನ್ ಪರದೆಗೆ ಬೆರಳಿಟ್ಟ.
ಇರಲಿ ಅದು, ಎಂದೆ.